ಇಂದಿನ ಚಿಂತನೆ: ತಣ್ಹಾ ಮತ್ತು ಒಂದು ಹೂ



ಚಪ್ಪಲಿಯ ಮೂತಿಯಂಥ ಚೀಲವಿರುವ ಸ್ಲಿಪರ್ ಆರ್ಕಿಡ್ ಹೂವನ್ನು ಮೊಬೈಲಿನಲ್ಲಿ ಕಂಡವರೆಲ್ಲ 'ನಮ್ಮನ್ಯಾಗೂ ಒಂದು ಇರ್ಲಿ' ಅನ್ನುತ್ತಾರೆ. ನವನಗರದಲ್ಲಿ ಅದನ್ನು ಬದುಕಿಸುವುದು ಕಷ್ಟ. ನೀರು ಕೂಡಿಡುವ ಗಡ್ಡೆ ಅದಕ್ಕಿಲ್ಲ. ಬೇರು ಒಣಗಿದರೆ ಸೊರಗುತ್ತದೆ, ನೀರು ನಿಂತರೆ ಕೊಳೆಯುತ್ತದೆ. ನಮ್ಮಲ್ಲೋ 40 ಡಿಗ್ರಿ ಬಿಸಿಲು, ಸವುಳು ಬೋರ್ ನೀರು. ಏಪ್ರಿಲ್‌ನಲ್ಲಿ ನನ್ನ ದಾಸವಾಳವೇ ಮುದುಡುತ್ತದೆ!

ದಕ್ಷಿಣ ಭಾರತದ ಕಾಡಿನಲ್ಲಿ ಈ ಗುಂಪಿನ ಒಂದೇ ಜಾತಿಯಿದೆ, ಅದೂ ಅಗಸ್ತ್ಯಮಲೆಯಲ್ಲಿ: ಪ್ಯಾಫಿಯೊಪೆಡಿಲಮ್ ಡ್ರೂರಿ. ಚಂದವೆಂದು ಕಿತ್ತೊಯ್ದೇ ಅದನ್ನು ಅಳಿವಿನ ಅಂಚಿಗೆ ತಂದರು. ಮೆಚ್ಚಿದ್ದು ನನ್ನದಾಗಲೇಬೇಕೆಂಬ ಈ ದಾಹಕ್ಕೆ ಬುದ್ಧರು ತಣ್ಹಾ ಎಂದರು. ಕಾಡಿನಿಂದ ಕೀಳುವುದಕ್ಕೆ ವನ್ಯಜೀವಿ ಕಾಯ್ದೆಯ ತಡೆಯಿದೆ. ಬೆಳೆಸಲೂ ಲೈಸೆನ್ಸ್ ಬೇಕು. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಕಂಡರೆ, ಕೈ ಚಾಚುವ ಮೊದಲು 'ಇದು ಎಲ್ಲಿಂದ ಬಂತು?' ಎಂದು ಕೇಳಿ.