ಒಂದೇ ಕಂಪ್ಯೂಟರಿಗೆ ಎರಡು ವಿಳಾಸವೇ?

ಹಾಗಲವಾಡಿಯ ಓದುಗರೇ, ನಿಮ್ಮ ಕಂಪ್ಯೂಟರ್ ಕೆಟ್ಟಿಲ್ಲ. ನೀವು ಕಂಡ ಎರಡು ಐಪಿ ವಿಳಾಸಗಳೂ ನಿಜವೇ.

ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿ, ಎಂಟರ್ ಒತ್ತಿ. ಐಪಿವಿ4 ಸಾಲಿನಲ್ಲಿ ಕಾಣುವ 192.168ರ ಸಂಖ್ಯೆ ನಿಮ್ಮ ರೌಟರ್ ಕೊಟ್ಟದ್ದು. ಮನೆಯೊಳಗಷ್ಟೇ ಅದರ ಚಲಾವಣೆ. ಪ್ರಿಂಟರ್ ಜೋಡಿಸಲು ಬೇಕಾದದ್ದು ಇದೇ. ಗುಬ್ಬಿಯ ಇನ್ನೊಂದು ಮನೆಯಲ್ಲೂ ಇದೇ ಸಂಖ್ಯೆ ಇರಬಹುದು, ತೊಂದರೆಯಿಲ್ಲ. 169.254 ಎಂದು ಬಂದರೆ ಮಾತ್ರ ರೌಟರ್ ವಿಳಾಸ ಕೊಟ್ಟಿಲ್ಲ ಎಂದರ್ಥ. ಕೇಬಲ್ ಬಿಗಿಯಾಗಿದೆಯೇ ನೋಡಿ, ರೌಟರನ್ನು ಆರಿಸಿ ಮತ್ತೆ ಹಚ್ಚಿ.

ಬ್ರೌಸರಿನಲ್ಲಿ ‘ನನ್ನ ಐಪಿ ಯಾವುದು’ ಎಂದು ಕೇಳಿದಾಗ ಬಂದದ್ದು ಹೊರಜಗತ್ತಿಗೆ ಕಾಣುವ ವಿಳಾಸ. ಐಪಿವಿ4ರಲ್ಲಿ ಇರುವುದೇ ಸುಮಾರು 429 ಕೋಟಿ ವಿಳಾಸ. ಅದು ಜಗತ್ತಿಗೆ ಸಾಲದು. ಹಾಗಾಗಿ ಇಂಟರ್ನೆಟ್ ಕಂಪನಿಗಳು ಎಷ್ಟೋ ಸಲ ಹಲವು ಮನೆಗಳಿಗೆ ಒಂದನ್ನೇ ಹಂಚುತ್ತವೆ. ರೌಟರಿನ ಸೆಟ್ಟಿಂಗ್ಸ್ ಪುಟದಲ್ಲಿ ಕಾಣುವ ವ್ಯಾನ್ (ಹೊರಜಾಲದ) ವಿಳಾಸ 100.64ರಿಂದ 100.127ರೊಳಗಿದ್ದರೆ ನಿಮ್ಮದೂ ಹಂಚಿಕೆಯದ್ದೇ. ಆಗ ಬೆಂಗಳೂರಿನಲ್ಲಿರುವ ನಿಮ್ಮ ಮಗಳು ನಿಮ್ಮ ತೋಟದ ಕ್ಯಾಮೆರಾ ನೋಡಲು ಐಪಿ ಒಂದೇ ಸಾಲದು. ಕ್ಯಾಮೆರಾದ ಆ್ಯಪ್ ಬಳಸಲಿ, ಇಲ್ಲವೇ ನೀವು ಸ್ಥಿರ ಐಪಿಗೆ ಅರ್ಜಿ ಹಾಕಿ.

ಬ್ರೌಸರಿನಲ್ಲಿ ಐಪಿ ತೋರಿಸಿದ ಪುಟ ನಿಮ್ಮೂರನ್ನು ಬೆಂಗಳೂರೆಂದು ತೋರಿಸಿದರೆ ಗಾಬರಿ ಬೇಡ. ಆ ಊರಿನ ಲೆಕ್ಕ ಬರೀ ಅಂದಾಜು. ‘ನಿಮ್ಮ ಐಪಿ ಸಿಕ್ಕಿದೆ, ಒಟಿಪಿ ಹೇಳಿ’ ಎಂದು ಯಾರಾದರೂ ಹೆದರಿಸಿದರೆ ದಯವಿಟ್ಟು ಹೇಳಬೇಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.