ಚೀಟಿಯಲ್ಲಿ ‘ಓ.ಡಿ.’ ಎಂದಿದ್ದರೆ ಏನರ್ಥ? ಹಂತ ಹಂತವಾಗಿ ತಿಳಿಯುವ ಕ್ರಮ

ಔಷಧಿ ಚೀಟಿಯಲ್ಲಿ ಓ.ಡಿ., ಕನ್ನಡಕದ ಚೀಟಿಯಲ್ಲಿ ಓ.ಡಿ., ಸ್ಕೂಟರಿನ ವಿಮೆಯಲ್ಲಿ ಓ.ಡಿ., ಬ್ಯಾಂಕ್ ಖಾತೆಯಲ್ಲಿ ಓ.ಡಿ., ಪೈಪಿನ ಅಂಗಡಿಯಲ್ಲೂ ಓ.ಡಿ. ಒಂದೊಂದು ಕಡೆ ಒಂದೊಂದು ಅರ್ಥ. ಹೆಚ್ಚಿನವರು ತಮಗೆ ಗೊತ್ತಿರುವ ಒಂದೇ ಅರ್ಥ ಹಿಡಿದು ಮುಂದೆ ಸಾಗುತ್ತಾರೆ. ಪೈಪಿನಲ್ಲಿ ಎಡವಟ್ಟಾದರೆ ಅಂಗಡಿಗೆ ಇನ್ನೊಮ್ಮೆ ಹೋಗಿಬಂದರಾಯಿತು. ಮಾತ್ರೆಯಲ್ಲೋ ವಿಮೆಯಲ್ಲೋ ತಪ್ಪಿದರೆ ಅಷ್ಟು ಸುಲಭವಾಗಿ ಸರಿಹೋಗುವುದಿಲ್ಲ.

ಹಂತ 1: ಕಾಗದ ಯಾರದು, ನೋಡಿ

ಅಕ್ಷರ ಓದುವ ಮೊದಲು ಕಾಗದದ ತಲೆಬರಹ ಓದಿ. ಆಸ್ಪತ್ರೆಯದೋ, ಕನ್ನಡಕದ ಅಂಗಡಿಯದೋ, ವಿಮಾ ಕಂಪನಿಯದೋ, ಬ್ಯಾಂಕಿನದೋ ತಿಳಿದರೆ ಅರ್ಧಕ್ಕರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. ಉಳಿದರ್ಧ ಬಗೆಹರಿಯುವುದು ಅಕ್ಷರದ ಅಕ್ಕಪಕ್ಕ ಏನಿದೆ ಎಂಬುದರಿಂದ.

ಹಂತ 2: ಔಷಧಿ ಚೀಟಿಯಾದರೆ ನಿಧಾನಿಸಿ

ನಮ್ಮ ಡಾಕ್ಟರುಗಳು ಮಾತ್ರೆಯ ಹೆಸರಿನ ಮುಂದೆ ಓ.ಡಿ. ಎಂದು ಬರೆದರೆ ‘ದಿನಕ್ಕೆ ಒಂದು ಸಲ’ ಎಂದರ್ಥ. ಬಿ.ಡಿ. ಎಂದರೆ ಎರಡು ಸಲ, ಟಿ.ಡಿ.ಎಸ್. ಎಂದರೆ ಮೂರು ಸಲ, ಎಚ್.ಎಸ್. ಎಂದರೆ ಮಲಗುವಾಗ, ಎಸ್.ಓ.ಎಸ್. ಎಂದರೆ ಬೇಕೆನಿಸಿದಾಗ ಮಾತ್ರ. ಚೀಟಿಯ ಬೇರೆ ಸಾಲುಗಳಲ್ಲಿ ಇವು ಕಂಡರೆ ಓ.ಡಿ.ಯೂ ಅದೇ ಗುಂಪಿನದು ಎಂದು ತಿಳಿಯಿರಿ.

ಆದರೆ ಯಾವ ಹೊತ್ತಿಗೆ ಎಂಬುದನ್ನು ಓ.ಡಿ. ಹೇಳುವುದಿಲ್ಲ. 1-0-0 ಎಂದಿದ್ದರೆ ಬೆಳಿಗ್ಗೆ, 0-0-1 ಎಂದಿದ್ದರೆ ರಾತ್ರಿ. ಬರೀ ಓ.ಡಿ. ಇದ್ದರೆ ‘ಬೆಳಿಗ್ಗೆಯೋ ರಾತ್ರಿಯೋ, ಊಟಕ್ಕೆ ಮುಂಚೆಯೋ ಆಮೇಲೋ’ ಎಂದು ಕೇಳಲೇಬೇಕು. ಥೈರಾಯಿಡ್ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು. ತಿಂಡಿ ತಿಂದು ನುಂಗಿದರೆ ದೇಹಕ್ಕೆ ಹತ್ತುವುದು ಕಡಿಮೆ.

ಇನ್ನು, ಓ.ಡಿ. ಮಾತ್ರೆಯ ಹೆಸರಿಗೇ ಅಂಟಿಕೊಂಡು ಪಟ್ಟಿಯ ಮೇಲೆ ಅಚ್ಚಾಗಿರುವುದೂ ಉಂಟು. ಎಸ್.ಆರ್., ಎಕ್ಸ್.ಆರ್. ಎಂಬುವೂ ಹೀಗೆಯೇ ಬರುತ್ತವೆ. ಇವು ಸಾಮಾನ್ಯವಾಗಿ ಔಷಧಿಯನ್ನು ಗಂಟೆಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಬಿಡುವ ಮಾತ್ರೆಗಳು. ಅಜ್ಜಿಗೆ ನುಂಗಲಾಗುವುದಿಲ್ಲ ಎಂದು ಕುಟ್ಟಿ ಪುಡಿಮಾಡಿ ಕೊಟ್ಟರೆ ಇಡೀ ದಿನದ ಔಷಧಿ ಒಂದೇ ಏಟಿಗೆ ರಕ್ತಕ್ಕೆ ಸೇರಿಬಿಡುತ್ತದೆ. ಡಾಕ್ಟರ್ ಹೇಳದೆ ಇಂಥವನ್ನು ಪುಡಿಮಾಡಬೇಡಿ, ಜಗಿಯಬೇಡಿ. ಔಷಧಿ ಬದಲಾಗಿ ಬಂದಾಗ ಹಳೆಯ ಪಟ್ಟಿ, ಹೊಸ ಪಟ್ಟಿ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಒಂದರಲ್ಲಿ ಓ.ಡಿ. ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಕೇಳದೆ ನುಂಗಬೇಡಿ.

ಹಂತ 3: ಕಣ್ಣಿನ ಚೀಟಿಯಾದರೆ ಇನ್ನೊಮ್ಮೆ ನೋಡಿ

ಕನ್ನಡಕದ ಚೀಟಿಯಲ್ಲಿ ಓ.ಡಿ. ಎಂದರೆ ಬಲಗಣ್ಣು, ‘ಒಕ್ಯುಲಸ್ ಡೆಕ್ಸ್‌ಟರ್’ ಎಂಬ ಲ್ಯಾಟಿನ್ ಮಾತಿನ ಚುಟುಕು ರೂಪ. ಕೆಳಗಿನ ಸಾಲಿನ ಓ.ಎಸ್. ಎಡಗಣ್ಣು, ಓ.ಯು. ಎರಡೂ ಕಣ್ಣು. ಪಕ್ಕದಲ್ಲಿ ಎಸ್‌ಪಿಎಚ್, ಸಿವೈಎಲ್, ಆಕ್ಸಿಸ್ ಎಂಬ ಕಲಂಗಳೂ ಪ್ಲಸ್, ಮೈನಸ್ ಹಾಕಿದ ಅಂಕಿಗಳೂ ಇದ್ದರೆ ಅನುಮಾನವೇ ಬೇಡ. ಆನ್‌ಲೈನಿನಲ್ಲಿ ಕನ್ನಡಕ ತರಿಸುವವರು ಈ ಎರಡು ಸಾಲು ಅದಲುಬದಲಾಗದಂತೆ ನೋಡಿಕೊಳ್ಳಿ.

ತೊಡಕಿರುವುದು ಕಣ್ಣಿನ ಹನಿಯಲ್ಲಿ. ‘ಒಂದು ಹನಿ ಓ.ಡಿ.’ ಎಂದಿದ್ದರೆ ದಿನಕ್ಕೊಂದು ಸಲವೋ, ಬಲಗಣ್ಣಿಗೋ? ಎರಡೂ ಹೊಂದುತ್ತವೆ. ನಮ್ಮಲ್ಲಿ ಅನೇಕ ಕಣ್ಣಿನ ಡಾಕ್ಟರುಗಳು ಬಲಗಣ್ಣಿಗೆ ಆರ್.ಇ., ಎಡಗಣ್ಣಿಗೆ ಎಲ್.ಇ., ಎರಡಕ್ಕೂ ಬಿ.ಇ. ಎಂದು ಬರೆಯುತ್ತಾರೆ. ಹಾಗೆ ಬರೆದು ಪಕ್ಕದಲ್ಲಿ ಓ.ಡಿ. ಎಂದಿದ್ದರೆ ಅದು ದಿನದ ಲೆಕ್ಕ. ಆರ್.ಇ., ಎಲ್.ಇ., ಬಿ.ಇ. ಯಾವುದೂ ಇಲ್ಲದಿದ್ದರೆ ಊಹೆ ಮಾಡಬೇಡಿ. ಆಸ್ಪತ್ರೆಯಿಂದ ಹೊರಡುವ ಮೊದಲೇ ಕೇಳಿ.

ಈ ಗೊಂದಲ ಕಲ್ಪನೆಯಲ್ಲ. ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಗಮನಿಸುವ ಅಮೆರಿಕದ ಇನ್‌ಸ್ಟಿಟ್ಯೂಟ್ ಫಾರ್ ಸೇಫ್ ಮೆಡಿಕೇಶನ್ ಪ್ರಾಕ್ಟಿಸಸ್ ಎಂಬ ಸಂಸ್ಥೆ, ಬಳಸಬಾರದ ಸಂಕ್ಷೇಪಗಳ ಪಟ್ಟಿಯಲ್ಲಿ ಓ.ಡಿ.ಯನ್ನೂ ಸೇರಿಸಿದೆ. ದಿನಕ್ಕೊಮ್ಮೆ ಎಂಬರ್ಥದಲ್ಲಿ ಬರೆದದ್ದನ್ನು ಬಲಗಣ್ಣು ಎಂದು ಓದಿ, ಕುಡಿಯುವ ಔಷಧಿಯನ್ನು ಕಣ್ಣಿಗೆ ಹಾಕುವ ಅಪಾಯವಿದೆ ಎಂಬುದು ಅದರ ಎಚ್ಚರಿಕೆ. ಮೂರು ಪದ ಪೂರ್ತಿ ಬರೆಯಲು ಎಷ್ಟು ಹೊತ್ತು ಬೇಕು? ಡಾಕ್ಟರುಗಳು ಈ ಒಂದು ಅಭ್ಯಾಸ ಬಿಟ್ಟರೆ ರೋಗಿಗಳಿಗೆ ದೊಡ್ಡ ಉಪಕಾರ ಎಂದು ನಾನು ಮನಸಾರೆ ನಂಬುತ್ತೇನೆ.

ಹಂತ 4: ಗಾಡಿಯ ವಿಮೆಯಲ್ಲಿ ಎರಡು ತಾರೀಕು ಹುಡುಕಿ

ವಿಮೆಯಲ್ಲಿ ಓ.ಡಿ. ಎಂದರೆ ಓನ್ ಡ್ಯಾಮೇಜ್, ಅಂದರೆ ನಿಮ್ಮ ಗಾಡಿಗೇ ಆದ ಹಾನಿ. ಟಿ.ಪಿ. ಎಂದರೆ ಥರ್ಡ್ ಪಾರ್ಟಿ, ನಿಮ್ಮ ಗಾಡಿಯಿಂದ ಬೇರೆಯವರಿಗೆ ಆದ ನಷ್ಟ. ಕಾನೂನು ಕಡ್ಡಾಯ ಮಾಡಿರುವುದು ಟಿ.ಪಿ.ಯನ್ನು ಮಾತ್ರ, ಓ.ಡಿ. ನಿಮ್ಮಿಷ್ಟ.

2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷ, ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷ ಟಿ.ಪಿ. ಒಟ್ಟಿಗೇ ಮಾಡಿಸಬೇಕು. ಅದರ ಜೊತೆ ಬರುವ ಓ.ಡಿ. ಬಹಳ ಸಲ ಒಂದೇ ವರ್ಷದ್ದು. ಹಾಗಾಗಿ ಒಂದೇ ಪಾಲಿಸಿಯಲ್ಲಿ ಎರಡು ಮುಕ್ತಾಯದ ತಾರೀಕು ಇರುತ್ತವೆ. ಸ್ಕೂಟರ್ ಕೊಂಡು ‘ಐದು ವರ್ಷ ಚಿಂತೆಯಿಲ್ಲ’ ಎಂದು ಕಾಗದ ಬೀರುವಿಗೆ ಸೇರಿಸಿದವರಿಗೆ, ಎರಡನೆಯ ವರ್ಷ ಗಾಡಿ ಕಳುವಾದರೆ ಒಂದು ಪೈಸೆಯೂ ಸಿಗುವುದಿಲ್ಲ. ಕಳ್ಳತನ ಬರುವುದು ಓ.ಡಿ. ಭಾಗದಲ್ಲಿ, ಅದು ಮುಗಿದಿರುತ್ತದೆ. ಪೊಲೀಸರು ತಡೆದಾಗ ಟಿ.ಪಿ. ಚಾಲ್ತಿಯಲ್ಲಿರುವುದರಿಂದ ದಂಡವೂ ಬೀಳುವುದಿಲ್ಲ. ಹಾಗಾಗಿ ಓ.ಡಿ. ಮುಗಿದದ್ದು ನಿಮ್ಮ ಗಮನಕ್ಕೇ ಬಾರದೆ ಹೋಗುತ್ತದೆ.

ಈಗಲೇ ಪಾಲಿಸಿ ತೆಗೆದು ಓ.ಡಿ. ಮುಗಿಯುವ ತಾರೀಕಿಗೆ ಗುರುತು ಹಾಕಿ. 2019ರ ಸೆಪ್ಟೆಂಬರಿನಿಂದ ಓ.ಡಿ. ಒಂದನ್ನೇ ಬಿಡಿಯಾಗಿ, ಬೇರೆ ಕಂಪನಿಯಿಂದಲೂ ಕೊಳ್ಳಬಹುದು. ಕ್ಲೈಮ್ ಮಾಡದ ವರ್ಷಗಳಿಗೆ ಸಿಗುವ ನೋ ಕ್ಲೈಮ್ ಬೋನಸ್ ಶೇ. 20ರಿಂದ ಶುರುವಾಗಿ ಶೇ. 50ರವರೆಗೆ ಏರುತ್ತದೆ. ಆ ರಿಯಾಯಿತಿ ಓ.ಡಿ. ಕಂತಿಗೆ ಮಾತ್ರ, ಒಟ್ಟು ಮೊತ್ತಕ್ಕಲ್ಲ. ಅವಧಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ಕೂಡಿಟ್ಟ ಬೋನಸ್ಸೂ ಹೋಗುತ್ತದೆ.

ಹಂತ 5: ಬ್ಯಾಂಕಿನಲ್ಲಾದರೆ ಅದು ಸಾಲ

ಇಲ್ಲಿ ಓ.ಡಿ. ಎಂದರೆ ಓವರ್‌ಡ್ರಾಫ್ಟ್, ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆಯುವ ಅವಕಾಶ. ಬಳಸಿದ ಹಣಕ್ಕೆ, ಬಳಸಿದ ದಿನಗಳಿಗೆ ಮಾತ್ರ ಬಡ್ಡಿ. ಠೇವಣಿಯ ಮೇಲೆ ₹90,000 ಓ.ಡಿ. ಮಿತಿ ಇದೆ ಅನ್ನಿ. ಶೇ. 9ರ ಬಡ್ಡಿಯಲ್ಲಿ ₹20,000 ತೆಗೆದು ಹತ್ತು ದಿನಕ್ಕೆ ಕಟ್ಟಿದರೆ ಬಡ್ಡಿ ಸುಮಾರು ₹49. ಅರ್ಹ ಜನಧನ ಖಾತೆದಾರರಿಗೂ ₹10,000ದವರೆಗೆ ಈ ಸೌಲಭ್ಯವಿದೆ. ಕೆಲವು ಆ್ಯಪ್‌ಗಳು ‘ಲಭ್ಯ ಮೊತ್ತ’ ಎಂದು ತೋರಿಸುವಾಗ ಓ.ಡಿ. ಮಿತಿಯನ್ನೂ ಸೇರಿಸಿರುತ್ತವೆ. ಅದನ್ನು ನಿಮ್ಮ ಹಣವೆಂದು ಲೆಕ್ಕ ಹಾಕಬೇಡಿ.

ಹಂತ 6: ಉಳಿದವು

ಹಾಜರಿ ಪುಸ್ತಕದಲ್ಲಿ ಓ.ಡಿ. ಎಂದರೆ ಆನ್ ಡ್ಯೂಟಿ, ಹೊರಗೆ ಕೆಲಸದ ಮೇಲಿದ್ದಾರೆ ಎಂದು. ಸರ್ಕಾರಿ ಕಚೇರಿಗಳಲ್ಲಿ ಓ.ಓ.ಡಿ., ‘ಅನ್ಯ ಕಾರ್ಯ ನಿಮಿತ್ತ’ ಎಂಬ ಬಳಕೆಯೂ ಇದೆ. ಆಸ್ಪತ್ರೆಯ ಕೇಸ್ ಶೀಟಿನಲ್ಲಿ ಓವರ್‌ಡೋಸ್ ಎಂಬರ್ಥವೂ ಬರುತ್ತದೆ.

ಪೈಪಿನ ಅಂಗಡಿಯಲ್ಲಿ ಓ.ಡಿ. ಎಂದರೆ ಹೊರಸುತ್ತಿನ ವ್ಯಾಸ. ಪಿವಿಸಿ ಪೈಪಿನ ಮೇಲೆ 63 ಮಿ.ಮೀ. ಎಂದಿದ್ದರೆ ಅದು ಹೊರಗಿನ ಅಳತೆ. ಅಂಗಡಿಯವರು ಎರಡಿಂಚು ಎನ್ನುವುದು ಅದನ್ನೇ. ಎರಡಿಂಚಿನ ಜಿ.ಐ. ಪೈಪಿನ ಹೊರ ವ್ಯಾಸ ಸುಮಾರು 60 ಮಿ.ಮೀ. ಎರಡನ್ನೂ ಜೋಡಿಸಬೇಕಾದರೆ ಮಧ್ಯೆ ಅಡಾಪ್ಟರ್ ಬೇಕೇ ಬೇಕು. ಹೋಗುವಾಗ ಹಳೆಯ ಪೈಪಿನ ತುಂಡೊಂದು ಚೀಲದಲ್ಲಿರಲಿ.

ಹಂತ 7: ತಿಳಿದದ್ದನ್ನು ಬರೆಸಿಕೊಳ್ಳಿ

ಔಷಧಿ ಅಂಗಡಿಯಲ್ಲಿ ‘ಸರ್, ಇದರ ಮೇಲೆ ಕನ್ನಡದಲ್ಲಿ ಬರೆದುಕೊಡಿ’ ಎಂದು ಕೇಳಲು ಸಂಕೋಚ ಬೇಡ. ‘ರಾತ್ರಿ ಊಟ ಆದಮೇಲೆ ಒಂದು’ ಎಂದು ಕವರಿನ ಮೇಲಿದ್ದರೆ ಮನೆಯಲ್ಲಿ ಯಾರು ಬೇಕಾದರೂ ಓದಿ ಕೊಡಬಹುದು. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೊರಟ ಹಿರಿಯರು ಚೀಟಿಯಲ್ಲಿ ಓ.ಡಿ. ಇದ್ದರೆ ಡಾಕ್ಟರ ಹತ್ತಿರ ಹೋಗಿ ಔಷಧಿಯ ಮೂಲ ಹೆಸರು, ಪ್ರಮಾಣ, ದಿನಕ್ಕೆ ಎಷ್ಟು ಸಲ ಎಂಬುದನ್ನು ಪೂರ್ತಿ ಇಂಗ್ಲಿಷ್ ಪದಗಳಲ್ಲಿ ಟೈಪ್ ಮಾಡಿಸಿ, ಸಹಿ ಮತ್ತು ಮೊಹರು ಹಾಕಿಸಿಕೊಳ್ಳಿ. ಅಲ್ಲಿನ ಫಾರ್ಮಸಿಯವರಿಗೆ ಓ.ಡಿ. ಎಂದರೆ ಮೊದಲು ಹೊಳೆಯುವುದು ಬಲಗಣ್ಣೇ. ಆ ಹಾಳೆಯ ಒಂದು ಪ್ರತಿ ಕೈಚೀಲದಲ್ಲಿರಲಿ, ಒಂದು ಫೋಟೋ ಮೊಬೈಲಿನಲ್ಲಿರಲಿ.