ಆ ಸದ್ದು ಯಾರ ಎದೆಯದು?

ಎಡ್ಗರ್ ಅಲನ್ ಪೋ ಬರೆದ ‘ದಿ ಟೆಲ್-ಟೇಲ್ ಹಾರ್ಟ್’ ಕತೆ ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತೆ. ಗೊತ್ತಿಲ್ಲದಿದ್ರೂ ಪರವಾಗಿಲ್ಲ, ಕತೆ ಚಿಕ್ಕದು. ಒಬ್ಬ ತನ್ನ ಜೊತೆ ವಾಸವಿದ್ದ ಮುದುಕನನ್ನು ಕೊಂದು, ಕೋಣೆಯ ನೆಲಹಲಗೆಗಳ ಕೆಳಗೆ ಬಚ್ಚಿಡುತ್ತಾನೆ. ಪೊಲೀಸರು ಬಂದು ಕೂತಿರುವಾಗ ಹಲಗೆಯಡಿಯಿಂದ ಎದೆಬಡಿತ ಕೇಳಿಸುತ್ತದೆ. ತಡೆಯಲಾರದೆ ತಾನೇ ಕೂಗಿ ಒಪ್ಪಿಕೊಳ್ಳುತ್ತಾನೆ. ಗೈಡುಗಳು ಕೊಡುವ ವಿವರಣೆ: ಎದೆಬಡಿತ ಅಂದ್ರೆ ಪಾಪಪ್ರಜ್ಞೆ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಕತೆಯನ್ನು ನಿಧಾನವಾಗಿ ಓದಿದರೆ ಈ ಉತ್ತರ ಅಷ್ಟು ಸಲೀಸಾಗಿ ಹೊಂದೋದಿಲ್ಲ.

ಗಾಥಿಕ್ ಸಾಹಿತ್ಯ ಅಂದ್ರೆ ಪಾಳು ಕೋಟೆ, ನೆಲಮಾಳಿಗೆ, ದೆವ್ವ. 1764ರಲ್ಲಿ ಬಂದ ಹೊರೇಸ್ ವಾಲ್ಪೋಲನ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ದಿಂದ ಶುರುವಾದ ದಾರಿ ಅದು. ಪೋ ಈ ಕತೆಯಲ್ಲಿ ಕೋಟೆಯನ್ನೇ ಕೈಬಿಟ್ಟ. ಇಲ್ಲಿರೋದು ಒಂದು ಮನೆ, ಒಂದು ಮಂಚ, ಒಂದು ಲಾಟೀನು ಅಷ್ಟೇ. ದೆವ್ವ ಇರೋ ಜಾಗ ಕತೆ ಹೇಳುವವನ ತಲೆ.

ಅವನ ವಾದ ಕೇಳಿದ್ರೆ ನಮಗೆ, ಅಂದ್ರೆ ಎಂಜಿನಿಯರಿಂಗ್‌ನವರಿಗೆ, ಸ್ವಲ್ಪ ಕಸಿವಿಸಿ ಆಗ್ಬೇಕು. ‘ನಾನು ಹುಚ್ಚನಲ್ಲ, ನೋಡಿ ಎಷ್ಟು ಕ್ರಮವಾಗಿ ಕೆಲಸ ಮಾಡಿದೆ’ ಅನ್ನೋದೇ ಅವನ ಪುರಾವೆ. ಏಳು ರಾತ್ರಿ, ಸರಿಯಾಗಿ ನಡುರಾತ್ರಿಗೆ, ಬಾಗಿಲು ತೆರೆದು ತಲೆ ಒಳಗೆ ಹಾಕೋಕೆ ಒಂದು ಗಂಟೆ ತಗೊಳ್ತಾನೆ. ಲಾಟೀನಿನಿಂದ ಒಂದೇ ಒಂದು ಎಳೆ ಬೆಳಕನ್ನು ಮುದುಕನ ಕಣ್ಣ ಮೇಲೆ ಬಿಡ್ತಾನೆ. ಕಣ್ಣು ಮುಚ್ಚಿದ್ದರಿಂದ ವಾಪಸ್ ಹೋಗ್ತಾನೆ. ಯಾಕಂದ್ರೆ ಅವನ ದ್ವೇಷ ಮುದುಕನ ಮೇಲಲ್ಲ, ಪೊರೆ ಕವಿದ ಆ ತಿಳಿನೀಲಿ ಕಣ್ಣಿನ ಮೇಲೆ! ವಿಧಾನದಲ್ಲಿ ಲೋಪ ಹುಡುಕೋದು ಕಷ್ಟ. ಹುಚ್ಚು ಇರೋದು ಉದ್ದೇಶದಲ್ಲಿ, ಅದನ್ನು ಅವನು ಪರಿಶೀಲಿಸೋದೇ ಇಲ್ಲ.

ಈಗ ಸದ್ದಿನ ವಿಷಯಕ್ಕೆ ಬರೋಣ. ಎಂಟನೇ ರಾತ್ರಿ ಬೆರಳು ಜಾರಿ ಲಾಟೀನು ಸದ್ದಾಗುತ್ತೆ, ಮುದುಕ ಎದ್ದು ಕೂರ್ತಾನೆ. ಕತ್ತಲಲ್ಲಿ ಇಬ್ಬರೂ ಅಲ್ಲಾಡದೆ ಕಾಯ್ತಾರೆ. ಮುದುಕ ಭಯದಿಂದ ನರಳಿದಾಗ ಇವನು ಹೇಳೋ ಮಾತು ಗಮನಿಸಿ: ಆ ನರಳಿಕೆ ನನಗೆ ಗೊತ್ತು, ಎಷ್ಟೋ ನಡುರಾತ್ರಿ ಅದು ನನ್ನ ಎದೆಯಿಂದಲೇ ಬಂದಿದೆ ಅಂತಾನೆ. ಅದಾದ ಮೇಲೆ ಎದೆಬಡಿತ ಕೇಳಿಸುತ್ತೆ, ಹತ್ತಿಯಲ್ಲಿ ಸುತ್ತಿದ ಗಡಿಯಾರದ ಸದ್ದಿನ ಹಾಗೆ. ಅಂದ್ರೆ ಕೊಲೆಗೆ ಮುಂಚೆಯೇ! ಕೊನೆಯಲ್ಲಿ ಪೊಲೀಸರ ಮುಂದೆ ಕೇಳಿಸುವ ಸದ್ದನ್ನೂ ಪೋ ಅದೇ ಹೋಲಿಕೆಯಲ್ಲಿ ವರ್ಣಿಸುತ್ತಾನೆ. ಕೊಲೆಯೇ ಆಗದಿದ್ದಾಗ ಪಾಪಪ್ರಜ್ಞೆ ಎಲ್ಲಿಂದ ಬಂತು? ಬಾಗಿಲಲ್ಲಿ ನಿಂತವನಿಗೆ ಮಂಚದ ಮೇಲಿನವನ ಎದೆಬಡಿತ ಕೇಳಿಸೋದು ಹೇಗೆ? ಎರಡು ಸಲವೂ ಅವನಿಗೆ ಕೇಳಿಸಿದ್ದು ಅವನದೇ ಎದೆ ಅಂತ ನನ್ನ ಓದು. ತನ್ನ ಭಯವನ್ನೇ ಮುದುಕನಲ್ಲಿ ಕಂಡು, ಅದನ್ನು ನಿಲ್ಲಿಸೋಕೆ ಹೋದ. ಅದು ನಿಲ್ಲಲಿಲ್ಲ. (ಗೋಡೆಯೊಳಗಿನ ‘ಡೆತ್‌ವಾಚ್’ ಹುಳುಗಳ ಮಾತೂ ಕತೆಯಲ್ಲಿ ಬರುತ್ತೆ. ಮರ ಕೊರೆಯುವ ಆ ಹುಳು ತಲೆ ಬಡಿದು ಟಿಕ್‌ಟಿಕ್ ಅನ್ನಿಸುತ್ತೆ. ಆ ಊಹೆಯನ್ನೂ ಕೈಬಿಡಬೇಡಿ.)

ಇನ್ನೊಂದು ಮಾತು. ಅವನು ಒಪ್ಪಿಕೊಳ್ಳೋದು ಪಶ್ಚಾತ್ತಾಪದಿಂದಲ್ಲ. ಪೊಲೀಸರಿಗೆ ಎಲ್ಲ ಗೊತ್ತು, ಗೊತ್ತಿದ್ದೂ ನಗ್ತಿದ್ದಾರೆ ಅನ್ನೋ ಅನುಮಾನ ಅವನಿಗೆ ಸಹಿಸೋಕಾಗಲ್ಲ. ಮುದುಕನ ಬಗ್ಗೆ ಒಂದು ಮರುಕದ ಮಾತೂ ಆಗ ಬರೋದಿಲ್ಲ.

ಈ ಕತೆ ಅಚ್ಚಾದದ್ದು 1843ರ ಜನವರಿಯಲ್ಲಿ. ಅದೇ ತಿಂಗಳು ಲಂಡನ್‌ನಲ್ಲಿ ಡೇನಿಯಲ್ ಮೆಕ್‌ನಾಟನ್ ಎಂಬವನು ಪ್ರಧಾನಿ ರಾಬರ್ಟ್ ಪೀಲ್ ಅವರ ಕಾರ್ಯದರ್ಶಿಗೆ ಗುಂಡು ಹೊಡೆದ. ಎರಡಕ್ಕೂ ಸಂಬಂಧವಿಲ್ಲ, ಪ್ರಶ್ನೆ ಮಾತ್ರ ಒಂದೇ. ಮತಿಭ್ರಮೆಯ ಕಾರಣಕ್ಕೆ ಅವನು ನಿರ್ದೋಷಿ ಅಂತ ತೀರ್ಪು ಬಂತು, ಗಲಾಟೆಯಾಯಿತು, ಕೊನೆಗೆ ‘ಮೆಕ್‌ನಾಟನ್ ನಿಯಮ’ಗಳು ಬಂದವು: ತಾನು ಮಾಡುತ್ತಿರುವುದು ಏನು, ಅದು ತಪ್ಪು ಅನ್ನೋದು ಅವನಿಗೆ ತಿಳಿದಿತ್ತೇ? ನಮ್ಮ ಐಪಿಸಿಯ 84ನೇ ಸೆಕ್ಷನ್ ಹುಟ್ಟಿದ್ದು ಇದೇ ವಿಚಾರದಿಂದ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 22ನೇ ಸೆಕ್ಷನ್. ಪೋನ ಕೊಲೆಗಾರ ಒಂದು ಹನಿ ರಕ್ತದ ಕಲೆಯೂ ಉಳಿಯದ ಹಾಗೆ ನೋಡಿಕೊಂಡವನು. ತಪ್ಪು ಅಂತ ಗೊತ್ತಿಲ್ಲದಿದ್ರೆ ಮುಚ್ಚಿಟ್ಟಿದ್ಯಾಕೆ ಅಂತ ಸರ್ಕಾರಿ ವಕೀಲರು ಕೇಳದೇ ಬಿಡ್ತಾರಾ? ಹುಚ್ಚನಲ್ಲ ಅಂತ ತೋರಿಸೋಕೆ ಅವನು ಕೊಟ್ಟ ಪುರಾವೆಗಳೇ ಕೋರ್ಟಿನಲ್ಲಿ ಅವನನ್ನು ಗಲ್ಲಿಗೆ ಕಳಿಸಬಹುದಿತ್ತು.

ಅದೇ ವರ್ಷದ ‘ದಿ ಬ್ಲ್ಯಾಕ್ ಕ್ಯಾಟ್’ ಇದರ ಜೋಡಿ. ಅಲ್ಲಿ ಹೆಂಡತಿಯನ್ನು ಕೊಂದವನು ಪೊಲೀಸರ ಎದುರೇ ಜಂಬದಿಂದ ಗೋಡೆ ತಟ್ಟಿ ಸಿಕ್ಕಿಬೀಳ್ತಾನೆ. ನನಗೆ ಹೆಚ್ಚು ಕಾಡೋದು 1846ರ ‘ದಿ ಕ್ಯಾಸ್ಕ್ ಆಫ್ ಅಮೊಂಟಿಲಾಡೊ’. ಮಾಂಟ್ರೆಸರ್ ತನ್ನ ಪರಿಚಿತನನ್ನು ನೆಲಮಾಳಿಗೆಯಲ್ಲಿ ಜೀವಂತ ಗೋಡೆ ಕಟ್ಟಿ ಮುಚ್ಚುತ್ತಾನೆ, ಯಾರಿಗೂ ಸಿಕ್ಕಿಬೀಳೋದಿಲ್ಲ. ಕೊನೆಯ ಕಲ್ಲು ಇಡುವಾಗ ಎದೆಯಲ್ಲಿ ಏನೋ ಸಂಕಟ. ನೆಲಮಾಳಿಗೆಯ ತಂಡಿಯಿಂದ ಅಂತ ತಕ್ಷಣ ಕಾರಣ ಕೊಡ್ತಾನೆ. ಇಷ್ಟನ್ನೂ ಹೇಳ್ತಿರೋದು ಐವತ್ತು ವರ್ಷ ಆದ ಮೇಲೆ, ತನ್ನನ್ನು ಚೆನ್ನಾಗಿ ಬಲ್ಲ ಯಾರೋ ಒಬ್ಬರ ಮುಂದೆ. ಯಾರೂ ಕೇಳಿರಲಿಲ್ಲ, ಯಾರಿಗೂ ಅನುಮಾನವಿರಲಿಲ್ಲ. ಮತ್ತೆ ಯಾಕೆ ಹೇಳಿದ?

ಮೂರೂ ಕತೆ ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ, ಒಂದು ಸಂಜೆಗೆ ಸಾಕು. ‘ಟೆಲ್-ಟೇಲ್ ಹಾರ್ಟ್’ ಓದುವಾಗ ಸದ್ದು ಬಂದ ಕಡೆಯೆಲ್ಲ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ನನ್ನ ಓದು ತಪ್ಪು ಅನ್ನಿಸಿದ್ರೆ ಮುಂದಿನ ಸಂಚಿಕೆಗೆ ಬರೀರಿ.